ರಕ್ತದ ಚೀಟಿಯಲ್ಲಿ ಇನ್ನೊಂದು ಸಾಲು

ಸೋದರಿಯರೇ, ಮಳೆಗಾಲ ಹಿಡಿಯಿತೆಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆಮನೆಯಲ್ಲೂ ಶೀತ, ಕೆಮ್ಮು, ಜ್ವರ. ರಕ್ತಪರೀಕ್ಷೆಯ ಚೀಟಿ ಕೈಗೆ ಬಂದೊಡನೆ ನಾವು ನೋಡುವುದು ಬಿಳಿ ರಕ್ತಕಣಗಳ ಒಟ್ಟು ಲೆಕ್ಕವೊಂದನ್ನೇ. "ಐದ್ ಸಾವಿರ ಇತ್ತ್ ಮಾರಾಯ್ತಿ, ಹೆದ್ರಬೇಡ" ಎಂದು ನೆರೆಮನೆಯಾಕೆ ಧೈರ್ಯ ಹೇಳಿ ಹೋಗುತ್ತಾಳೆ. ಅಷ್ಟೇ ಸಾಲದು!

ದೊಡ್ಡವರಿಗೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇದ್ದರೆ ಸರಿ. ಆದರೆ ಈ ಕಣಗಳಲ್ಲೂ ಬಗೆಬಗೆ ಉಂಟು. ವೈರಸ್ಸಿನೊಡನೆ ಮುಖ್ಯವಾಗಿ ಸೆಣಸುವುದು ಲಿಂಫೋಸೈಟ್. ಒಟ್ಟು 5,000ದಲ್ಲಿ ಅದು ಶೇಕಡಾ 12 ಎಂದಿದ್ದರೆ ಗುಣಿಸಿ ನೋಡಿ, ಬರೇ 600. ಸಾವಿರಕ್ಕಿಂತ ಕೆಳಗಿಳಿದರೆ ಕಡಿಮೆಯೆಂದೇ ಲೆಕ್ಕ. 2020ರ ಮೇಯಲ್ಲಿ ಮುಂಬೈಯಿಂದ ಬಂದ ನಮ್ಮೂರವರು ಶಾಲೆಗಳಲ್ಲಿ ಕ್ವಾರಂಟೈನ್ ಕೂತದ್ದು ನೆನಪಿದೆಯಲ್ಲ? ಆ ಕೋವಿಡ್‌ನಲ್ಲಿ ಕಾಯಿಲೆ ಜೋರಾದ ಬಹಳ ಮಂದಿಗೆ ಲಿಂಫೋಸೈಟ್ ಇಳಿದು, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಕಣ ಏರಿರುತ್ತಿತ್ತು.

ಹಾಗೆಂದು ಪುಟ್ಟ ಮಕ್ಕಳ ಚೀಟಿ ಕಂಡು ಗಾಬರಿಯಾಗಬೇಡಿ. ಒಂದೆರಡು ವರ್ಷದ ಕೂಸಿಗೆ ಲಿಂಫೋಸೈಟ್ ಅರ್ಧಕ್ಕಿಂತ ಹೆಚ್ಚಿರುವುದು ಸಹಜ. ದೊಡ್ಡವರಿಗೂ ಸಾಧಾರಣ ಫ್ಲೂ ಜ್ವರದಲ್ಲಿ ಅದು ಕೆಲವು ದಿನ ಇಳಿದು ಮತ್ತೆ ಏರುವುದುಂಟು.

ಲೆಕ್ಕ ಹೇಗೇ ಇರಲಿ, ಏದುಸಿರು ಬಂದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ವಯಸ್ಸಾದವರು ಗಂಜಿಯೂ ಬೇಡವೆಂದು ಮಂಪರಿನಲ್ಲಿದ್ದರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಹಳೆಯ ಚೀಟಿಯೂ ಕೈಚೀಲದಲ್ಲಿರಲಿ, ತಾಳೆ ನೋಡಲು ಡಾಕ್ಟರು ಅದನ್ನೇ ಕೇಳುತ್ತಾರೆ.