ಆಯಿಲ್ ದೀಪ ಹತ್ತಿದರೆ ಆಯಿಲ್ ಸುರಿದರೆ ಸಾಕೇ?

‘ಕೆಂಪು ಆಯಿಲ್ ದೀಪ ಹತ್ತಿದರೆ ಒಂದು ಲೀಟರ್ ಸುರಿದು ಗಾಡಿ ಓಡಿಸಿ’ ಎಂಬ ಸಲಹೆಯನ್ನು ನಾವೆಲ್ಲ ಕೇಳಿರುತ್ತೇವೆ. ಇದನ್ನು ನಂಬಿದರೆ ಎಂಜಿನ್ನೇ ಹೋಗಬಹುದು. ಹೆಚ್ಚಿನ ಕಾರುಗಳಲ್ಲಿ ಆ ದೀಪ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಅದರ ಒತ್ತಡ ಬಿದ್ದಿದೆ ಎಂದು.

1990ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ ಬಿಎಂಡಬ್ಲ್ಯು ಎಂ3 ಕಾರನ್ನೇ ನೋಡಿ. ಅದರ ಆಯಿಲ್ ಪಂಪ್ ಎಂಜಿನ್ ತಳದ ಸಂಪ್‌ನಲ್ಲಿದ್ದು, ಚೈನ್‌ನಿಂದ ತಿರುಗುತ್ತದೆ. ಚೈನಿನ ಹಲ್ಲುಚಕ್ರವನ್ನು ಹಿಡಿದಿರುವುದು ಒಂದೇ ಒಂದು ನಟ್. ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿದ ಕಾರುಗಳಲ್ಲಿ ಅದು ಸಡಿಲವಾಗಿ ಕಳಚಿದ್ದುಂಟು. ಆಗ ಆಯಿಲ್ ತುಂಬಿದ್ದರೂ ಬೇರಿಂಗ್‌ಗಳಿಗೆ ತಲುಪುವುದಿಲ್ಲ. ಸಂಪ್ ತುಂಬ ನೀರಿದ್ದೂ ಮೋಟಾರ್ ಕೆಟ್ಟಾಗ ಮನೆಯ ನಲ್ಲಿ ಒಣಗುವ ಹಾಗೆ.

ದೀಪ ಹತ್ತಿದ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಡಿಪ್‌ಸ್ಟಿಕ್ ಮಟ್ಟ ಸರಿಯಿದ್ದರೆ ಸೆನ್ಸರ್ ಕೆಟ್ಟಿರಲೂಬಹುದು. ಮೆಕ್ಯಾನಿಕ್ ಅದನ್ನು ಬಿಚ್ಚಿ ಅದೇ ಜಾಗಕ್ಕೆ ಪ್ರೆಶರ್ ಗೇಜ್ ಕೂರಿಸಿದರೆ ನಿಜ ತಿಳಿಯುತ್ತದೆ. ಮುಳ್ಳು ಏಳದಿದ್ದರೆ ಸಂಪ್ ಇಳಿಸಿ ನೋಡಬೇಕು. ಈ ಕಾರಿನಲ್ಲಾದರೆ ಹೊಸ ನಟ್ ಬಿಗಿದು, ಮತ್ತೆ ತಿರುಗದಂತೆ ತಂತಿ ಕಟ್ಟುತ್ತಾರೆ. ನಟ್ ಅಗ್ಗ, ಕೂಲಿಯೇ ದುಬಾರಿ! ಹಳೆಯ ಫಿಲ್ಟರ್‌ನ ಮಡಿಕೆಗಳಲ್ಲಿ ಮಿನುಗುವ ಲೋಹದ ಚೂರುಗಳು ಕಂಡರೆ ಬೇರಿಂಗ್‌ಗಳನ್ನೂ ಬಿಚ್ಚಿ ನೋಡಿಸಿ. ಪಂಪ್ ಒಂದನ್ನೇ ಸರಿಪಡಿಸಿ ಹೊರಟರೆ ಎಂಜಿನ್ ಹೆಚ್ಚು ದಿನ ಬಾಳುವುದಿಲ್ಲ.