ಅಗ್ಗದ ವಿಮಾನ ಟಿಕೆಟ್ ಇನ್ನೆಷ್ಟು ದಿನ? ಸೋಗಾನೆ ಏರ್‌ಪೋರ್ಟ್ ನಂಬಿದವರು ತಿಳ್ಕೋಬೇಕಾದ ಲೆಕ್ಕ

ಒಂದೇ ವಿಮಾನ, ಒಂದೇ ಸೀಟು. ಮೂರು ವಾರ ಮೊದಲು ನೋಡಿದರೆ ಒಂದು ರೇಟು, ಹೊರಡುವ ಹಿಂದಿನ ದಿನ ನೋಡಿದರೆ ಬೇರೆಯೇ ರೇಟು. "ಸಾಮಾನ್ಯರ ವಿಮಾನ ಅಂದಿದ್ರಲ್ಲ, ಇದೇನಾ ಅದು?" ಅಂತ ಗ್ರಾಹಕರು ಟ್ರಾವೆಲ್ಸ್ ಅಂಗಡಿಯವರ ಮೇಲೆ ರೇಗುತ್ತಾರೆ. ಪಾಪ, ಅವರ ಕೈಯಲ್ಲಿ ಏನೂ ಇಲ್ಲ. ಉತ್ತರ ಇರೋದು ಅಗ್ಗದ ವಿಮಾನ ಕಂಪನಿಗಳು ದುಡ್ಡು ಮಾಡುವ ರೀತಿಯಲ್ಲಿ. ಆ ರೀತಿಯೇ ಈಗ ಪ್ರಪಂಚದ ಎಲ್ಲ ಕಡೆ ಅಲ್ಲಾಡ್ತಿದೆ.

ಇದು ನಮ್ಮ ಜಿಲ್ಲೆಗೆ ದೂರದ ಸುದ್ದಿ ಅಲ್ಲ. ಸುಮಾರು 450 ಕೋಟಿ ರೂಪಾಯಿ ಖರ್ಚಲ್ಲಿ ಕಟ್ಟಿದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊದ ಮೊದಲ ವಿಮಾನ ಬಂತು. ಆಮೇಲೆ ಸ್ಟಾರ್ ಏರ್, ಸ್ಪೈಸ್‌ಜೆಟ್ ಕೂಡ ಬಂದವು. ಏರ್‌ಪೋರ್ಟ್ ಬಂದಿದೆ ಅನ್ನೋ ಧೈರ್ಯದ ಮೇಲೆ ಸೈಟು ಕೊಂಡವರು, ಹೋಂಸ್ಟೇ ಶುರು ಮಾಡಿದವರು, ಸಾಲ ಮಾಡಿ ಟ್ಯಾಕ್ಸಿ ತಗೊಂಡವರು ತೀರ್ಥಹಳ್ಳಿಯಿಂದ ಸಾಗರದವರೆಗೂ ಸಿಗ್ತಾರೆ. ಅವರೆಲ್ಲ ಈ ಲೆಕ್ಕ ಒಮ್ಮೆ ನೋಡೋದು ಒಳ್ಳೆಯದು.

ಅಗ್ಗ ಆಗೋದು ಹೇಗೆ?

ಪ್ರೈವೇಟ್ ಬಸ್ಸಿನ ಏಜೆಂಟ್ ಸ್ಟ್ಯಾಂಡಿನಲ್ಲಿ ನಿಂತು ಕೂಗೋದು ಯಾಕೆ? ಬಸ್ಸು ಖಾಲಿ ಹೋದರೂ ಡೀಸೆಲ್ ಅಷ್ಟೇ, ಡ್ರೈವರ್ ಸಂಬಳ ಅಷ್ಟೇ. ವಿಮಾನದ್ದೂ ಇದೇ ಕಥೆ. ಇಂಡಿಗೊದ ಎಟಿಆರ್ ವಿಮಾನದಲ್ಲಿ 78 ಸೀಟು. ಲೆಕ್ಕಕ್ಕೆ ಸರಾಸರಿ ಟಿಕೆಟ್ 3 ಸಾವಿರ ಅಂತ ಇಟ್ಕೊಳ್ಳಿ. ಪೂರ್ತಿ ತುಂಬಿದರೆ 2.34 ಲಕ್ಷ, 40 ಜನ ಬಂದರೆ 1.20 ಲಕ್ಷ. ಖರ್ಚು ಮಾತ್ರ ಎರಡೂ ದಿನ ಹೆಚ್ಚುಕಮ್ಮಿ ಒಂದೇ. ಲಾಭವೆಲ್ಲ ಕೊನೆಯ ಹತ್ತು-ಹದಿನೈದು ಸೀಟಿನಲ್ಲೇ ಇರುತ್ತೆ.

ಈ ಮಾದರಿಯನ್ನು ಪ್ರಪಂಚಕ್ಕೆ ತೋರಿಸಿದ್ದು 1971ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಾರಾಟ ಶುರು ಮಾಡಿದ ಸೌತ್‌ವೆಸ್ಟ್. ಅದರ ಸೂತ್ರ ಸರಳ: ಒಂದೇ ಜಾತಿಯ ವಿಮಾನ ಇಟ್ಕೋಬೇಕು, ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಬೇಕು, ಪುಕ್ಕಟೆ ಊಟ ಕೊಡಬಾರದು. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟ.

ಕರ್ನಾಟಕದಲ್ಲೇ ಮೊಳೆತ ಬೀಜ

ಭಾರತಕ್ಕೆ ಇದನ್ನು ತಂದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು-ಹುಬ್ಬಳ್ಳಿ ಕೂಡ ಒಂದು. ಒಂದು ರೂಪಾಯಿಗೂ ಟಿಕೆಟ್ ಮಾರಿದರು. ಎಲ್ಲ ಸೀಟು ಅಲ್ಲ, ಕೆಲವು ಮಾತ್ರ. ಆದರೆ ಆ ಸುದ್ದಿ ಕೇಳಿಯೇ ಜೀವನದಲ್ಲಿ ವಿಮಾನ ಹತ್ತದವರು ಹತ್ತಿದರು. ಜನ ಹತ್ತಿದರೇ ಹೊರತು ದುಡ್ಡು ಉಳಿಯಲಿಲ್ಲ. 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡಿತು, ಮರುವರ್ಷ ಎರಡೂ ಒಂದಾದವು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರೇ ನಿಂತುಹೋಯಿತು.

ಆಮೇಲಿನ ಸರದಿ ಗೋ ಫಸ್ಟ್. 2023ರ ಮೇ ಮೊದಲ ವಾರ ದಿವಾಳಿ ಅರ್ಜಿ ಹಾಕಿ ಹಾರಾಟ ನಿಲ್ಲಿಸಿತು. ಎಂಜಿನ್ ಸಿಗದೆ ಅರ್ಧದಷ್ಟು ವಿಮಾನ ನೆಲದಲ್ಲೇ ನಿಂತಿದ್ದವು ಅನ್ನೋದು ಕಂಪನಿಯ ವಾದ. 2025ರ ಜನವರಿಯಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶ ಆಯಿತು. ಮೊದಲೇ ದುಡ್ಡು ಕಟ್ಟಿದ್ದ ಪ್ರಯಾಣಿಕರೂ ಟ್ರಾವೆಲ್ ಏಜೆಂಟರೂ ಸಾಲಗಾರರ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಯಿತು. ಅಮೆರಿಕದಲ್ಲೂ ಅದೇ ಹಣೆಬರಹ: ಅಲ್ಲಿನ ಅತಿ ಅಗ್ಗದ ಸ್ಪಿರಿಟ್ ಏರ್‌ಲೈನ್ಸ್ 2024ರ ನವೆಂಬರ್‌ನಲ್ಲಿ ಒಮ್ಮೆ, 2025ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ದಿವಾಳಿ ರಕ್ಷಣೆಗೆ ಕೋರ್ಟ್ ಮೆಟ್ಟಿಲು ಹತ್ತಿತು.

ಗೆದ್ದವರು ಅಗ್ಗವಾಗಿ ಉಳಿತಾರಾ?

ಹಾಗಂತ ಈ ವ್ಯಾಪಾರ ಸತ್ತೇ ಹೋಯ್ತು ಅನ್ನೋದು ತಪ್ಪು. ಇಂಡಿಗೊ 2024-25ರಲ್ಲಿ 7 ಸಾವಿರ ಕೋಟಿಗೂ ಹೆಚ್ಚು ಲಾಭ ಮಾಡಿದೆ. ಯುರೋಪಿನಲ್ಲಿ ರಯಾನ್‌ಏರ್ ಗಟ್ಟಿಯಾಗಿದೆ. ನೂರಾರು ವಿಮಾನ ಒಟ್ಟಿಗೆ ಆರ್ಡರ್ ಮಾಡಿ ರಿಯಾಯಿತಿ ಪಡೆಯುವ ಶಕ್ತಿ ಇದ್ದವರು ಬದುಕಿದ್ದಾರೆ. ಹೋಲ್‌ಸೇಲ್‌ನಲ್ಲಿ ಲಾರಿಗಟ್ಟಲೆ ಎತ್ತುವವನಿಗೆ ಸಿಗುವ ರೇಟು ಬೀದಿ ತುದಿಯ ಅಂಗಡಿಗೆ ಸಿಗಲ್ಲವಲ್ಲ, ಹಾಗೆ.

ಸಮಸ್ಯೆ ಶುರುವಾಗೋದು ಅಲ್ಲೇ. ಎದುರಾಳಿ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಉಳಿದವನು ಯಾಕೆ ರೇಟು ಇಳಿಸ್ತಾನೆ? ಇಂಡಿಗೊ 2024ರ ನವೆಂಬರ್‌ನಲ್ಲಿ ಬಿಸಿನೆಸ್ ಕ್ಲಾಸ್ ಶುರು ಮಾಡಿತು. ದಶಕಗಳ ಕಾಲ ಎರಡು ಬ್ಯಾಗ್ ಪುಕ್ಕಟೆ ಸಾಗಿಸುತ್ತಿದ್ದ ಸೌತ್‌ವೆಸ್ಟ್ ಕೂಡ 2025ರಲ್ಲಿ ಬ್ಯಾಗಿಗೆ ದುಡ್ಡು ಕೇಳಲು ಶುರು ಮಾಡಿತು. ಅಗ್ಗದ ಕಂಪನಿಗಳ ಕಣ್ಣು ಈಗ ಹೆಚ್ಚು ದುಡ್ಡು ಕೊಡುವ ಗ್ರಾಹಕನ ಮೇಲೆ.

ಖರ್ಚು ಕೂಡ ಸುಮ್ಮನೆ ಕೂತಿಲ್ಲ. ಖರ್ಚಿನ ಸುಮಾರು ಮೂರನೇ ಒಂದು ಭಾಗ ಇಂಧನದ್ದು. ಅದು ಜಿಎಸ್‌ಟಿಗೆ ಸೇರಿಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ವಿಮಾನದ ಬಾಡಿಗೆ ಕೊಡೋದು ಡಾಲರ್‌ನಲ್ಲಿ, ಟಿಕೆಟ್ ಮಾರೋದು ರೂಪಾಯಿಯಲ್ಲಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು.

ಅದೇ ತಿಂಗಳ ಮೊದಲ ವಾರದ ಗಲಾಟೆ ನೆನಪಿರಬೇಕು. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆ ಬದಲು 48 ಗಂಟೆ ವಿಶ್ರಾಂತಿ ಕೊಡಬೇಕು, ರಾತ್ರಿ ಲ್ಯಾಂಡಿಂಗ್ ಕಡಿಮೆ ಮಾಡಬೇಕು ಅನ್ನೋ ನಿಯಮ ಜಾರಿಗೆ ಬಂದಿತ್ತು. ಇಂಡಿಗೊ ಅದಕ್ಕೆ ತಯಾರಾಗಿರಲಿಲ್ಲ, ಸಾವಿರಾರು ವಿಮಾನ ರದ್ದಾದವು. ಹುಬ್ಬಳ್ಳಿಯ ಒಂದು ಆರತಕ್ಷತೆಯಲ್ಲಿ ವಧು-ವರರು ಬರಲಾಗದೆ ವಿಡಿಯೊ ಪರದೆ ಮೇಲೆ ಕೂರಬೇಕಾಯಿತು. ಉಳಿದ ವಿಮಾನಗಳ ರೇಟು ಆಕಾಶಕ್ಕೆ ಏರಿ, 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ ಅಂತ ಸರ್ಕಾರವೇ ಮಿತಿ ಹಾಕಬೇಕಾಯಿತು. ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಒಬ್ಬನ ಕೈಯಲ್ಲಿದ್ದರೆ, ಅವನು ಎಡವಿದ ದಿನ ದೇಶವೇ ಎಡವುತ್ತೆ.

ಸಣ್ಣ ಊರಿನ ಗತಿ

ದೊಡ್ಡ ನಗರಗಳ ನಡುವೆ ಸೀಟು ತುಂಬುತ್ತೆ, ರೇಟು ಏರಿಳಿದರೂ ವಿಮಾನ ಇರುತ್ತೆ. ಸಣ್ಣ ಊರಿಗೆ ಆ ಗ್ಯಾರಂಟಿ ಇಲ್ಲ. ಅದಕ್ಕೇ ಕೇಂದ್ರ 2016ರಲ್ಲಿ ಉಡಾನ್ ಯೋಜನೆ ತಂತು. ಒಂದು ಗಂಟೆ ಹಾರಾಟಕ್ಕೆ ಸುಮಾರು 2,500 ರೂಪಾಯಿ, ನಷ್ಟ ಆದರೆ ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ ಅನ್ನೋ ಲೆಕ್ಕ.

ಫಲಿತಾಂಶ ಏನಾಯ್ತು ಅಂತ 2023ರ ಸಿಎಜಿ ವರದಿ ಹೇಳಿದೆ. ಯೋಜನೆಯ ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ಮುಗಿದ ಮೇಲೂ ಉಳಿದದ್ದು ಬರೀ 54.

ಬೀದರ್ ನೋಡಿ. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ವಿಮಾನ ಬಂತು, ಆ ಕಂಪನಿಯೇ ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರು ಆಗೋಕೆ ರಾಜ್ಯ ಸರ್ಕಾರ ನಷ್ಟ ತುಂಬಿಕೊಡಬೇಕಾಯಿತು. ರನ್‌ವೇ, ಟರ್ಮಿನಲ್ ಎಲ್ಲ ಅಲ್ಲೇ ಇದ್ದವು. ಇಲ್ಲದೇ ಹೋದದ್ದು ವಿಮಾನ.

ನಾವೇನು ಮಾಡಬೇಕು?

ಸೋಗಾನೆಗೂ ಹಾಗೇ ಆಗುತ್ತೆ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಬೆಂಗಳೂರಿಗೆ ಓಡಾಡುವ ವ್ಯಾಪಾರಸ್ಥರು, ಅಡಿಕೆ ಮಂಡಿಯವರು, ಆಸ್ಪತ್ರೆಗೆ ಹೋಗುವವರು ನಮ್ಮಲ್ಲಿದ್ದಾರೆ. ಆದರೆ ಅದೇ ಊರಿಗೆ ಜನಶತಾಬ್ದಿ ರೈಲು, ರಾತ್ರಿ ಬಸ್ಸು ಕೂಡ ಇದ್ದಾವೆ. ಏರ್‌ಪೋರ್ಟಿಗೆ ಹೋಗಿ, ಕಾದು, ದೇವನಹಳ್ಳಿಯಿಂದ ಸಿಟಿಗೆ ಬರೋ ಹೊತ್ತು ಸೇರಿಸಿದರೆ ಉಳಿಯುವ ಸಮಯ ಎಷ್ಟು ಅಂತ ಜನ ಲೆಕ್ಕ ಹಾಕ್ತಾರೆ. ಆ ಲೆಕ್ಕದಲ್ಲಿ ವಿಮಾನ ಸೋತರೆ ಸೀಟು ಖಾಲಿ.

ಹಾಗಾಗಿ ಬಂಡವಾಳ ಹಾಕುವವರಿಗೆ ಒಂದು ಮಾತು: ವಿಮಾನ ಇಲ್ಲದಿದ್ದರೂ ನಡೆಯುವ ವ್ಯಾಪಾರಕ್ಕೆ ದುಡ್ಡು ಹಾಕಿ, ವಿಮಾನದ ಗಿರಾಕಿಯನ್ನು ಮೇಲಿನ ಲಾಭ ಅಂದ್ಕೊಳ್ಳಿ. ಜೋಗಕ್ಕೆ, ಆಗುಂಬೆಗೆ ಬರುವವರಲ್ಲಿ ರಸ್ತೆ, ರೈಲಿನಲ್ಲಿ ಬರುವವರೇ ಹೆಚ್ಚು.

ಪ್ರಯಾಣಿಕರಿಗೆ: ಹಣಕಾಸು ಹದಗೆಟ್ಟಿರುವ ಕಂಪನಿಯಲ್ಲಿ ಆರು ತಿಂಗಳು ಮೊದಲೇ ಇಡೀ ಕುಟುಂಬದ ಟಿಕೆಟ್ ಮಾಡಿಸಬೇಡಿ. ಕಂಪನಿಯೇ ವಿಮಾನ ರದ್ದು ಮಾಡಿದರೆ ಪೂರ್ತಿ ಹಣ ಅಥವಾ ಬದಲಿ ವಿಮಾನ ಕೇಳುವ ಹಕ್ಕು ನಿಮಗಿದೆ. ಏಜೆಂಟ್ ಮೂಲಕ ಕೊಂಡಿದ್ದರೂ ರೀಫಂಡ್ ಹೊಣೆ ಏರ್‌ಲೈನ್‌ದೇ. ಅಂಗಡಿಯವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ.

ಜನಪ್ರತಿನಿಧಿಗಳಿಗೂ ಬರೀ "ಇನ್ನೊಂದು ವಿಮಾನ ತನ್ನಿ" ಅಂತ ಮನವಿ ಕೊಟ್ಟರೆ ಸಾಲದು. ಈಗಿರುವ ವಿಮಾನದಲ್ಲಿ ತಿಂಗಳಿಗೆ ಎಷ್ಟು ಸೀಟು ತುಂಬ್ತಿದೆ? ಯಾವ ಮಾರ್ಗಕ್ಕೆ ಸಬ್ಸಿಡಿ ಇದೆ, ಅದು ಯಾವತ್ತು ಮುಗಿಯುತ್ತೆ? ಸಾಗರ, ಶಿಕಾರಿಪುರ, ತೀರ್ಥಹಳ್ಳಿಯಿಂದ ವಿಮಾನದ ಟೈಮಿಗೆ ಸರಿಯಾಗಿ ಸೋಗಾನೆಗೆ ಬಸ್ಸು ಬಿಡ್ತೀರಾ? ಈ ಮೂರು ಪ್ರಶ್ನೆ ಕೇಳಿ. ಸಬ್ಸಿಡಿ ಮೂರು ವರ್ಷಕ್ಕೆ ಮುಗಿಯುತ್ತೆ. ಅದಾದ ಮೇಲೂ ವಿಮಾನ ಇಳಿಯಬೇಕಾದರೆ ತಾಲ್ಲೂಕಿನ ಜನ ಏರ್‌ಪೋರ್ಟ್ ಮುಟ್ಟಬೇಕು, ಸೀಟು ತುಂಬಬೇಕು.