ಎಚ್‌ಎಎಲ್ ಸಾಲ ಎತ್ತಿ ಸಂಬಳ ಕೊಟ್ಟಿತು, ಪೀಣ್ಯದ ವರ್ಕ್‌ಶಾಪ್ ಏನು ಮಾಡಬೇಕು?

2019ರ ಜನವರಿ ನೆನಪಿದೆಯಾ? ರಫೇಲ್ ಗದ್ದಲದ ನಡುವೆ ಇನ್ನೊಂದು ಸುದ್ದಿ ಬಂತು. ಉದ್ಯೋಗಿಗಳಿಗೆ ಸಂಬಳ ಕೊಡಲು ಎಚ್‌ಎಎಲ್ ಸುಮಾರು 1,000 ಕೋಟಿ ರೂಪಾಯಿ ಸಾಲ ಎತ್ತಿತ್ತು. ಕೆಲಸ ಇಲ್ಲದೆ ಅಲ್ಲ, ಮಾಡಿದ ಕೆಲಸದ ದುಡ್ಡು ಬಾರದೆ. ಅದಕ್ಕೆ ಬರಬೇಕಿದ್ದ ಬಾಕಿ 10,000 ಕೋಟಿ ದಾಟಿತ್ತು. ದೊಡ್ಡ ಬಾಕಿದಾರ ನಮ್ಮ ವಾಯುಪಡೆಯೇ.

ಎಚ್‌ಎಎಲ್‌ಗೇನೋ ಬ್ಯಾಂಕ್ ಸಾಲ ಕೊಡುತ್ತೆ. ಇಂಥ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋ, ಹತ್ತು ಜನ ಕೆಲಸಗಾರರಿರೋ ಪೀಣ್ಯದ ವರ್ಕ್‌ಶಾಪ್‌ಗೆ ಯಾರು ಕೊಡ್ತಾರೆ?

ರಕ್ಷಣಾ ಬಜೆಟ್ ಭಾಷಣದಲ್ಲಿ ‘ಕಡಿತ’ ಅನ್ನೋ ಪದ ಕೇಳೋದು ಅಪರೂಪ. 2025-26ರಲ್ಲಿ ಒಟ್ಟು 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಗೇ 1.6 ಲಕ್ಷ ಕೋಟಿ, ಬಂಡವಾಳ ವೆಚ್ಚಕ್ಕೆ 1.8 ಲಕ್ಷ ಕೋಟಿ. ಸಂಬಳ, ಪಿಂಚಣಿ ನಿಲ್ಲಿಸೋಕಾಗಲ್ಲ. ಕೈ ಬಿಗಿಯಾದಾಗ ಮುಂದೂಡಲು ಸಿಗೋದು ಹೊಸ ಆರ್ಡರ್ ಮತ್ತು ಹಳೇ ಬಿಲ್. ಅಂದರೆ ಕಡಿತ ಬರೋದು ವಿಳಂಬದ ವೇಷದಲ್ಲಿ.

ಈ ವಿಳಂಬ ಮೇಲಿಂದ ಕೆಳಗೆ ಇಳಿಯುತ್ತಾ ಹೋದಂತೆ ಭಾರವಾಗುತ್ತೆ. ವರ್ಕ್‌ಶಾಪ್ ಮಾಲೀಕರು ಲೋಹ ಕೊಂಡಾಗಿದೆ, ಸಿಎನ್‌ಸಿ ಮಷೀನಿನ ಇಎಂಐ ನಡೀತಿದೆ. ದುಡ್ಡು ಬರಲಿ ಬಿಡಲಿ, ಇನ್‌ವಾಯ್ಸ್ ಹಾಕಿದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು. ಮಾಡಿದ ಭಾಗವನ್ನು ಬೇರೆಯವರಿಗೆ ಮಾರೋಣ ಅಂದ್ರೆ ಅದು ಕೂರೋದು ಒಂದೇ ವಿಮಾನದಲ್ಲಿ, ಡ್ರಾಯಿಂಗ್ ಗ್ರಾಹಕನದ್ದು.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನಗಳೊಳಗೆ ಪಾವತಿಯಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಪೋರ್ಟಲ್ ಕೂಡ ಬಂತು. ಆದರೆ ಇರೋ ಒಬ್ಬನೇ ದೊಡ್ಡ ಗ್ರಾಹಕನ ಮೇಲೆ ದೂರು ಕೊಟ್ಟು, ಮುಂದಿನ ಆರ್ಡರ್‌ಗೆ ಅವನ ಬಾಗಿಲಿಗೇ ಹೋಗೋ ಧೈರ್ಯ ಎಷ್ಟು ಜನಕ್ಕಿದೆ?

ಸರ್ಕಾರಿ ಖರೀದಿಯ ಶೇ 25ರಷ್ಟು ಸಣ್ಣ ಉದ್ದಿಮೆಗಳಿಂದಲೇ ಆಗಬೇಕೆಂಬ ನಿಯಮ ಒಳ್ಳೆಯದೇ. ಆದರೆ ಎಷ್ಟು ಕೊಂಡರು ಅನ್ನೋ ಲೆಕ್ಕದ ಪಕ್ಕದಲ್ಲೇ ಎಷ್ಟು ದಿನಕ್ಕೆ ದುಡ್ಡು ಕೊಟ್ಟರು ಅನ್ನೋದೂ ಇರಬೇಕು. ದೂರಿಗೆ ಕಾಯದೆ, 46ನೇ ದಿನಕ್ಕೆ ಬಡ್ಡಿ ತಾನಾಗೇ ಬಿಲ್ಲಿಗೆ ಸೇರಬೇಕು.

2021ರಲ್ಲಿ 83 ತೇಜಸ್‌ಗಳಿಗೆ ಆರ್ಡರ್ ಆಯ್ತು, 2025ರಲ್ಲಿ ಇನ್ನೂ 97ಕ್ಕೆ. ಆರ್ಡರ್ ಕೊಟ್ಟ ದಿನ ಆತ್ಮನಿರ್ಭರತೆಯ ಚಪ್ಪಾಳೆ ಜೋರಾಗೇ ಇರುತ್ತೆ. ಅದು ನಿಜವೋ ಸುಳ್ಳೋ ಗೊತ್ತಾಗೋದು ಮಾತ್ರ ಪೀಣ್ಯದಲ್ಲಿ, ತಿಂಗಳ ಕೊನೆಗೆ ಸಂಬಳ ಬಟವಾಡೆ ಆಗುವಾಗ.